ಆರು ಎಂ.ಜಿ. ಸಾಲಲಿಲ್ಲ

ಮೊದಲ ಏಟು ಬಿದ್ದಾಗ ನಾನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಕೆಂಪು ಸೀರೆ, ನೇಯ್ಗೆ ಸೆರಗಿಗೆ ಬಂದಿತ್ತು. ಲಾಳಿ ಎಡದಿಂದ ಬಲಕ್ಕೆ ಹೋಯಿತು. ಬಲದಿಂದ ಎಡಕ್ಕೆ ತಿರುಗಿಸಬೇಕು, ಅಷ್ಟರಲ್ಲಿ ಎದೆಯೊಳಗೆ ಯಾರೋ ಒದ್ದರು.

ಒದ್ದರು ಅಂದರೆ ಒದ್ದರು. ಅದಕ್ಕೆ ಬೇರೆ ಮಾತಿಲ್ಲ.

ಒಂದು ಒದೆತ. ಅದರ ಬೆನ್ನಿಗೇ ಸಾಲು ಸಾಲು ಒದೆತ, ನಡುವೆ ಉಸಿರಿಗೆ ಜಾಗವಿಲ್ಲ. ತಲೆ ಬಗ್ಗಿಸಿ ನೋಡಿದರೆ ಎದೆಯ ಮೇಲಿನ ಸೆರಗು ತಾನಾಗಿ ಕುಣಿಯುತ್ತಿತ್ತು. ಗಂಟಲಲ್ಲಿ, ಕಿವಿಯಲ್ಲಿ, ಹಲ್ಲಿನ ಬುಡದಲ್ಲಿ ಅದೇ ಬಡಿತ. ಹತ್ತು ನಿಮಿಷ ಬಡಿದು, ಹೇಗೆ ಬಂತೋ ಹಾಗೇ ಪಟ್ಟನೆ ನಿಂತಿತು. ನಾನು ಬೆವರು ಒರೆಸಿಕೊಂಡೆ, ಒಂದು ಚೊಂಬು ನೀರು ಕುಡಿದೆ, ಲಾಳಿ ಎತ್ತಿಕೊಂಡೆ. ಆ ದಿನದ ಮೊಳ ಮುಗಿಸಿಯೇ ಎದ್ದೆ. ಈಗ ನೆನೆಸಿಕೊಂಡರೆ ನನಗೆ ನಾನೇ ಎರಡು ಬಾರಿಸಬೇಕು ಅನ್ನಿಸುತ್ತದೆ.

ನನ್ನ ಹೆಸರು ಶರಣಮ್ಮ. ಆಗ ನಲವತ್ತೊಂದು ವರ್ಷ. ಹುಟ್ಟಿದ್ದು ನಾರಾಯಣಪೇಟೆಯಲ್ಲಿ, ಲಗ್ನವಾಗಿ ಎರಡು ಓಣಿ ದಾಟಿ ಬಂದದ್ದೂ ನಾರಾಯಣಪೇಟೆಯಲ್ಲೇ. ಅಲ್ಲೂ ಮಗ್ಗ, ಇಲ್ಲೂ ಮಗ್ಗ. ಕಾಯಿಲೆ ಅಂತ ಮಲಗಿದವಳಲ್ಲ. ಹೆರಿಗೆಗೆ ಮಲಗಿದ್ದೊಂದು ಬಿಟ್ಟರೆ ದವಾಖಾನೆಯ ಮಂಚ ಕಂಡವಳಲ್ಲ.

ಆ ಒದೆತ ಮತ್ತೆ ಬಂತು. ತಿಂಗಳಿಗೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ನಮ್ಮ ಕಡೆ ಹೊಟ್ಟೆಯ ಮೇಲೆ, ಕುತ್ತಿಗೆಯ ಕೆಳಗೆ ಏನೇ ಆದರೂ ಅದು ಗ್ಯಾಸ್. ಮನೆಯವರು ಗ್ಯಾಸ್ ಅಂದರು. ಓಣಿಯ ಡಾಕ್ಟರು ಗ್ಯಾಸ್ ಅಂದರು. ಅತ್ತೆ ಮಾತ್ರ ಇದು ದೃಷ್ಟಿ ಅಂತ ಹಟ ಹಿಡಿದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದೆವು. ಆ ಗದ್ದಲದಲ್ಲಿ ಬಡಿತ ನಿಂತಿತ್ತು. ಈಗ ಗೊತ್ತಾಗಿದೆ, ಜೋರಾಗಿ ಕೆಮ್ಮಿದರೂ ಒಮ್ಮೊಮ್ಮೆ ಅದು ನಿಲ್ಲುತ್ತದಂತೆ. ಅತ್ತೆ ಮಾತ್ರ ಇವತ್ತಿಗೂ ಆ ಯಶಸ್ಸು ಬಿಟ್ಟುಕೊಟ್ಟಿಲ್ಲ.

ಇಲ್ಲಿ ನನ್ನ ತಮ್ಮನ ಮಾತು ಹೇಳಬೇಕು. ಬಸವರಾಜ. ಮನೆಯಲ್ಲಿ ಬಸ್ಯಾ. ಅವನಿಗೆ ಆರು ವರ್ಷ ಇದ್ದಾಗ ಅವ್ವ ಹೋದಳು, ನನಗೆ ಹದಿನಾಲ್ಕು. ಅವನಿಗೆ ತಲೆ ಬಾಚಿದವಳು ನಾನು, ರೊಟ್ಟಿ ಮುರಿದು ಬಾಯಿಗಿಟ್ಟವಳು ನಾನು, ಮೊದಲ ಏಟು ಕೊಟ್ಟವಳೂ ನಾನೇ. ಬೆಳೆದು ಬಾಗಿಲಿನಷ್ಟು ಅಗಲವಾದ. ಟ್ರಾಲಿ ಆಟೊ ಇಟ್ಟುಕೊಂಡು ನೂಲು, ಸೀರೆ ಗಂಟು ಹೇರಿ ನಾರಾಯಣಪೇಟೆ, ಮಖ್ತಲ್, ಗದ್ವಾಲ ಅಂತ ತಿರುಗುತ್ತಾನೆ. ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ಮಖ್ತಲ್ ರಸ್ತೆಯ ಮೇಲೆ ಕೂತು ಲಾಠಿ ತಿಂದವನು. ತೆಲಂಗಾಣ ಬಂತು, ಆಟೊದ ನಂಬರಿನಲ್ಲಿ ಎ.ಪಿ. ಹೋಗಿ ಟಿ.ಎಸ್. ಆಯಿತು, ಇವನ ಸಿಟ್ಟು ಮಾತ್ರ ಹಾಗೇ ಉಳಿಯಿತು. ಮೊದಲು ಕೈ, ಆಮೇಲೆ ಬಾಯಿ, ಬುದ್ಧಿ ಎಲ್ಲಕ್ಕಿಂತ ಕೊನೆಗೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೆ ಹೆಮ್ಮೆ ಪಡುತ್ತಿದ್ದೆ, ನನ್ನ ತಮ್ಮನ ಎದುರು ಯಾರೂ ನಿಲ್ಲೋದಿಲ್ಲ ಅಂತ.

ಆ ದಿನ ಮನೆಯವರು ನೂಲು ತರಲು ರಾಯಚೂರಿಗೆ ಹೋಗಿದ್ದರು. ಬಸ್ಯಾ ಗದ್ವಾಲಕ್ಕೆ ಹೊರಟಿದ್ದ. ಗದ್ವಾಲದವರು ಸೀರೆಯ ಮೈ ಹತ್ತಿಯಲ್ಲಿ ನೇಯ್ದು, ಅಂಚು ರೇಷ್ಮೆಯಲ್ಲಿ ಮಾಡಿ, ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅದನ್ನು ಕಣ್ಣಾರೆ ನೋಡಿ ಕಲಿಯಬೇಕೆಂದು ನನಗೆ ಬಹಳ ದಿನದ ಆಸೆ. ಮುಂದಿನ ಸೀಟಿನಲ್ಲಿ ಹತ್ತಿ ಕೂತೆ.

ಮಖ್ತಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿದ. ನಾನು ಬಗ್ಗಿ ಚಪ್ಪಲಿ ಹುಡುಕಿದೆ, ಅಷ್ಟೇ.

ಒದೆತ.

ಈ ಸಲ ಹತ್ತು ನಿಮಿಷಕ್ಕೆ ನಿಲ್ಲಲಿಲ್ಲ. ಇಪ್ಪತ್ತಾಯಿತು. ಅರ್ಧ ಗಂಟೆಯಾಯಿತು. ಬಸ್ಯಾ ಸೋಡಾ ತಂದ, ನಿಂಬೆಹಣ್ಣು ಹಿಂಡಿ ಕುಡಿಸಿದ, ವಾಂತಿಯಾಯಿತು. ರಸ್ತೆ ಪಕ್ಕದ ಒಂದು ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದ. ಅಲ್ಲಿದ್ದವರು ನನ್ನ ಮುಂಗೈ ಹಿಡಿದರು, ಗಡಿಯಾರ ನೋಡಿದರು, ಮತ್ತೆ ಹಿಡಿದರು.

"ಎಣಸಾಕ ಆಗವಲ್ದು," ಅಂದರು. "ದೊಡ್ಡ ದವಾಖಾನಿಗಿ ಒಯ್ಯಿ. ತಡಾ ಮಾಡಬ್ಯಾಡ."

ಹೋಗುವ ದಾರಿಯಲ್ಲೇ ಇದ್ದದ್ದು ಗದ್ವಾಲ. ಜೂರಾಲ ಅಣೆಕಟ್ಟು ದಾಟಿ ಹೋದ ಆ ದಾರಿ ನನಗೆ ತುಂಡು ತುಂಡಾಗಿ ನೆನಪಿದೆ. ಕಣ್ಣಿಗೆ ಕತ್ತಲೆ ಬರುತ್ತಿತ್ತು, ಹೋಗುತ್ತಿತ್ತು. ಹಿಂದೆ ಸೀರೆ ಗಂಟುಗಳು ಉರುಳಾಡುತ್ತಿದ್ದವು. ಬಸ್ಯಾ ಎದುರು ಬಂದ ಪ್ರತಿಯೊಬ್ಬನಿಗೂ ಬೈಯುತ್ತಿದ್ದ, ಲಾರಿಯವನಿಗೆ, ಎಮ್ಮೆಗೆ, ಅಣೆಕಟ್ಟಿಗೆ. ನಡುನಡುವೆ ನನ್ನ ಕಡೆ ತಿರುಗಿ, "ಅಕ್ಕ, ಮಾತಾಡು, ಸುಮ್ಮನ ಇರಬ್ಯಾಡ," ಅನ್ನುತ್ತಿದ್ದ. ಮಾತಾಡಲು ಉಸಿರೆಲ್ಲಿತ್ತು? ನಾನು ಸಾಯುತ್ತೇನೆ ಅಂತ ಮೊದಲ ಸಲ ಅನ್ನಿಸಿದ್ದು ಅಲ್ಲಿ. ಬಹಳ ಸಿಟ್ಟು ಬಂತು. ಮಗಳ ಹತ್ತನೇ ಕ್ಲಾಸಿನ ಪರೀಕ್ಷೆಗೆ ಎರಡು ತಿಂಗಳಿತ್ತು. ಸಾಯಲು ನನಗೆ ಪುರಸೊತ್ತು ಇರಲಿಲ್ಲ.

ಗದ್ವಾಲ ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ದವಾಖಾನೆಯ ಹೆಸರು ಇಲ್ಲಿ ಬೇಡ. ಬಾಗಿಲಲ್ಲೇ ವೀಲ್‌ಚೇರು ಬಂತು, ಎಮರ್ಜೆನ್ಸಿ ಕೋಣೆಗೆ ಒಯ್ದರು. ಬಸ್ಯಾ ಒಳಗೆ ಬಂದು ಕೂಗಾಡತೊಡಗಿದ. ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಬಾಗಿಲಿಗೆ ಒಂದು ಗಾಜಿನ ಕಿಂಡಿ ಇತ್ತು. ಅವನ ಮುಖ ಆ ಕಿಂಡಿಗೆ ಅಂಟಿಕೊಂಡಿತು.

ಡಾಕ್ಟರಮ್ಮ ಮೂವತ್ತರ ಒಳಗಿನವರು. ತೆಳ್ಳಗೆ, ಕನ್ನಡಕ, ಮೆಲ್ಲನೆಯ ದನಿ. ರಾಯಚೂರಿನಲ್ಲಿ ಓದಿದವರಂತೆ, ನಮ್ಮಂತೆಯೇ ಮಾತಾಡಿದರು. ಟಿ.ವಿ.ಯಂಥ ಮಾನಿಟರ್ ಒಂದು ತಲೆಯ ಪಕ್ಕ ಇಟ್ಟರು. ಅದರಲ್ಲಿ ೨೧೨ ಅಂತ ಬಂತು.

"ಇದು ಪಿ.ಎಸ್.ವಿ.ಟಿ. ಅಂತ," ಅಂದರು. "ನಿಮ್ಮ ಹಾರ್ಟಿನಾಗ ಕರೆಂಟ್ ಹೋಗೋ ದಾರಿ ಒಂದು ಹೆಚ್ಚಿಗಿ ಐತಿ. ಕರೆಂಟ್ ಅದರಾಗ ಸಿಕ್ಕು ಗಿರಕಿ ಹೊಡ್ಯಾಕತ್ತೈತಿ. ಅದನ್ನ ನಿಲ್ಲಸೋಣ. ಅಂಜಬ್ಯಾಡ್ರಿ."

"ಗ್ಯಾಸ್ ಅಲ್ಲೇನ್ರಿ?" ಅಂದೆ.

"ಗ್ಯಾಸ್ ಅಲ್ಲರಿ."

ಮೊದಲು ಖಾಲಿ ಸಿರಿಂಜು ಬಾಯಿಗಿಟ್ಟು ಜೋರಾಗಿ ಊದು ಅಂದರು. ಊದಿದೆ, ಕಣ್ಣು ಹೊರಗೆ ಬರುವ ಹಾಗೆ. ಅಷ್ಟರಲ್ಲಿ ತಲೆ ಕೆಳಗೆ ಮಾಡಿ ಕಾಲು ಮೇಲೆತ್ತಿದರು. ನಿಲ್ಲಲಿಲ್ಲ. ಆಮೇಲೆ ಡಾಕ್ಟರಮ್ಮ ಕುತ್ತಿಗೆಯ ಒಂದು ಬದಿಯನ್ನು ಬೆರಳಿನಿಂದ ಒತ್ತಿ ತಿಕ್ಕಿದರು. ನಿಲ್ಲಲಿಲ್ಲ. ಬಿ.ಪಿ. ಇಳಿಯುತ್ತಿದೆ ಅಂತ ಸಿಸ್ಟರ್ ತೆಲುಗಿನಲ್ಲಿ ಹೇಳಿದ್ದು ಕೇಳಿಸಿತು. ವಯಸ್ಸಾದ, ದಪ್ಪನೆಯ ಸಿಸ್ಟರ್. ಆಕೆ ನನ್ನ ಎದೆಯ ಕಡೆ ಬೆರಳು ತೋರಿಸಿ, "ಅದಿ ತೀಸೇಯಮ್ಮಾ," ಅಂದರು, ಅದನ್ನು ತೆಗೆದುಬಿಡಮ್ಮಾ ಅಂತ.

ಆಕೆ ತೋರಿಸಿದ್ದು ನನ್ನ ಲಿಂಗದಕಾಯಿ.

ನಾವು ಲಿಂಗವಂತರು. ಎಂಟನೇ ವರ್ಷಕ್ಕೆ ಅಯ್ಯನವರು ಕಟ್ಟಿದ ಲಿಂಗ, ಬೆಳ್ಳಿಯ ಕಾಯಿಯಲ್ಲಿ ಇಟ್ಟು ಶಿವದಾರ ಹಾಕಿ ಎದೆಯ ಮೇಲೆ ಬಿದ್ದದ್ದು, ಸ್ನಾನಕ್ಕೂ ಇಳಿಯುವುದಿಲ್ಲ, ನಿದ್ದೆಗೂ ಇಳಿಯುವುದಿಲ್ಲ. ಹೆರಿಗೆಯಲ್ಲೂ ಇತ್ತು. ಪೂಜೆಗೆ ಅಂಗೈಗೆ ಬಂದರೆ ಪೂಜೆ ಮುಗಿದ ಕೂಡಲೇ ಎದೆಗೆ. ಲಿಂಗ ಮೈ ಬಿಟ್ಟಿತು ಅಂದರೆ ಜೀವ ಬಿಟ್ಟಿತು ಅಂತಲೇ ನಮ್ಮಲ್ಲಿ ಲೆಕ್ಕ. ಅದನ್ನು ಬೇರೆಯವರು ಮುಟ್ಟುವಂತಿಲ್ಲ, ಒಡಹುಟ್ಟಿದವರೂ.

"ಇಂಜೆಕ್ಷನ್ ಕೊಡ್ತೀನಿ," ಅಂದರು ಡಾಕ್ಟರಮ್ಮ. "ಅದಕ್ಕ ಬಗ್ಗಲಿಲ್ಲ ಅಂದ್ರ ಎದಿಗಿ ಶಾಕ್ ಕೊಡಬೇಕಾಗ್ತೈತಿ. ಅಲ್ಲಿ ಬೆಳ್ಳಿ ಇರಬಾರದ್ರಿ. ಅಂಗೈಯಾಗ ಹಿಡಕೊಳ್ಳಾಕೂ ಬರಂಗಿಲ್ಲ, ಎರಡೂ ಕೈ ನನಗ ಬೇಕು. ನಿಮ್ಮ ಕೈಲೇ ತಗೀರಿ. ನಾವು ಮುಟ್ಟಂಗಿಲ್ಲ."

ನಾನೇ ತೆಗೆದೆ. ಈ ಮಾತನ್ನು ಗಟ್ಟಿಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದೆ ಬಹಳ ಮಂದಿ ಬಹಳ ವಿಧವಾಗಿ ಹೇಳಿದರು. ಯಾರೂ ದಾರ ಕತ್ತರಿಸಲಿಲ್ಲ, ಯಾರೂ ಕಸಿಯಲಿಲ್ಲ. ನನ್ನ ಕೈಯಿಂದ ಕೊರಳ ಮೇಲೆ ಎತ್ತಿ ತೆಗೆದೆ. ಸಿಸ್ಟರ್ ಸ್ಟೀಲಿನ ಟ್ರೇಯಲ್ಲಿ ಶುಭ್ರವಾದ ಹತ್ತಿಬಟ್ಟೆ ಮಡಚಿ ಹಾಸಿದರು. ಅದರ ಮೇಲೆ ಇಟ್ಟೆ. ಒಂದು ನಿಮಿಷದ ಮಾತು ಅಂದುಕೊಂಡೆ. ಹೊರಗೆ ನಿಂತವನಿಗೆ ಒಂದು ಮಾತು ಹೇಳಿ ಕಳಿಸಬೇಕು ಅಂತ ನನಗೆ ಹೊಳೆಯಲಿಲ್ಲ. ತಪ್ಪಾದದ್ದು ಅಲ್ಲಿ.

ಔಷಧದ ಹೆಸರು ಅಡೆನೋಸಿನ್. ಆರು ಎಂ.ಜಿ. ನರಕ್ಕೆ ಒಂದೇ ಏಟಿಗೆ ತಳ್ಳಬೇಕು, ಹಿಂದೆಯೇ ಸಲೈನ್ ನೂಕಬೇಕು, ಕೂಡಲೇ ಕೈ ಮೇಲೆತ್ತಬೇಕು. ನಿಧಾನ ಮಾಡಿದರೆ ಹೃದಯ ಮುಟ್ಟುವ ಮೊದಲೇ ರಕ್ತದಲ್ಲಿ ಕರಗಿ ಹೋಗುತ್ತದಂತೆ.

ಡಾಕ್ಟರಮ್ಮ ನನ್ನ ಮುಖದ ಹತ್ತಿರ ಬಗ್ಗಿದರು. "ಶರಣಮ್ಮ, ಕೇಳ್ರಿ. ಐದಾರು ಸೆಕೆಂಡ್ ಬಾಳ ಕೆಟ್ಟ ಅನಸ್ತೈತಿ. ಸತ್ತಂಗ ಆಗ್ತೈತಿ. ಸಾಯಂಗಿಲ್ಲ. ನಾ ಇಲ್ಲೇ ಇರ್ತೀನಿ."

ತಳ್ಳಿದರು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೈಯೊಳಗೆ ಬಿಸಿ ಏರಿತು, ಕುತ್ತಿಗೆಗೆ, ಮುಖಕ್ಕೆ. ಎದೆಯ ಮೇಲೆ ರುಬ್ಬುಗುಂಡು ಇಟ್ಟು ಯಾರೋ ಅದರ ಮೇಲೆ ನಿಂತರು. ಆಮೇಲೆ ಬಡಿತವೇ ಹೋಯಿತು. ಅಷ್ಟು ಹೊತ್ತು ಒದ್ದು ಒದ್ದು ಕೊಂದದ್ದು ಇಲ್ಲವೇ ಇಲ್ಲ. ಆ ನಿಶ್ಶಬ್ದ ಒದೆತಕ್ಕಿಂತ ಭಯಂಕರವಾಗಿತ್ತು. ನಾನು ಕೆಳಗೆ ಕೆಳಗೆ ಹೋಗುತ್ತಿದ್ದೆ, ಹಿಡಿಯಲು ಏನೂ ಇರಲಿಲ್ಲ. ಚೀರಿದೆ. ನನ್ನ ಚೀರಾಟ ನನಗೇ ಬೇರೆ ಯಾರದೋ ಅನ್ನುವಂತೆ ಕೇಳಿಸಿತು.

ಬಾಗಿಲು ಗೋಡೆಗೆ ಬಡಿಯಿತು.

ಅವನು ಕಿಂಡಿಯಲ್ಲಿ ಏನು ಕಂಡ ಅಂತ ಆಮೇಲೆ ಹೇಳಿದ. ಅಕ್ಕನ ಬಾಯಿಗೆ ಏನೋ ತುರುಕಿದರು. ತಲೆ ಕೆಳಗೆ ಮಾಡಿ ಕಾಲು ಎತ್ತಿದರು. ಕುತ್ತಿಗೆ ಹಿಸುಕಿದರು. ಆಮೇಲೆ ಸಿಸ್ಟರ್ ಅಡ್ಡ ನಿಂತರು, ಏನೂ ಕಾಣಲಿಲ್ಲ. ಆಕೆ ಸರಿದಾಗ ಅಕ್ಕ ಚೀರುತ್ತಿದ್ದಾಳೆ, ಕಣ್ಣು ಮೇಲಾಗಿವೆ, ಮಾನಿಟರಿನ ಗೆರೆ ಸಪಾಟಾಗಿದೆ. ಮತ್ತೆ, ಟ್ರೇಯಲ್ಲಿ ಅಕ್ಕನ ಲಿಂಗ. ಬೇರೆ ಮನೆಯವನಾಗಿದ್ದರೆ ಆ ಗೆರೆ ನೋಡಿ ಗಾಬರಿಯಾಗಿ ನಿಲ್ಲುತ್ತಿದ್ದನೇನೋ. ನಮ್ಮವನಿಗೆ ಗೆರೆ ಬೇಕಿರಲಿಲ್ಲ. ಲಿಂಗ ಮೈಮೇಲಿಲ್ಲ. ಅಕ್ಕ ಸತ್ತಳು. ಕೊಂದವರು ಇಲ್ಲೇ ನಿಂತಿದ್ದಾರೆ.

ಡಾಕ್ಟರಮ್ಮನ ಕೆನ್ನೆಗೆ ಹೊಡೆದ.

ಅಂಗೈ ಅಗಲ ಮಾಡಿ, ಇಡೀ ಭುಜದಿಂದ. ಕನ್ನಡಕ ಹಾರಿತು. ಆಕೆ ಔಷಧದ ಗಾಡಿಯ ಮೇಲೆ ಬಿದ್ದರು, ಗಾಡಿ ಉರುಳಿತು, ಗಾಜು ಒಡೆಯಿತು. ಹಿಡಿಯಲು ಬಂದ ಅಟೆಂಡರನ ಎದೆಗೆ ಒದ್ದ. "ಲಿಂಗಾ ತಗದು ಕೊಂದಾರ," ಅಂತ ಒಂದೇ ಮಾತು, ಮತ್ತೆ ಮತ್ತೆ. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಹಾಕಿ ಎತ್ತಿಕೊಂಡ. ಕೈಗೆ ಹಾಕಿದ್ದ ಸೂಜಿ ಕಿತ್ತು ಬಂತು. ತಂತಿಗಳೆಲ್ಲ ಕಿತ್ತು ಬಂದವು. ರಕ್ತ ಅವನ ಅಂಗಿಯ ಮೇಲೆ ಚಿಮ್ಮಿತು. ಅದು ನನ್ನ ರಕ್ತ.

ಅಷ್ಟರಲ್ಲಿ ನನ್ನ ಹೃದಯ ತಿರುಗಿ ಶುರುವಾಗಿತ್ತು. ಮೂರೋ ನಾಲ್ಕೋ ಬಡಿತ ಸರಿಯಾಗಿ, ಆಮೇಲೆ ಮತ್ತೆ ಅದೇ ಹುಚ್ಚು ಒದೆತ. ನಾನು ಬದುಕಿದ್ದೆ, ಪೂರ್ತಿ ಎಚ್ಚರವಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ತಮ್ಮ ನನ್ನನ್ನು ಹೆಣದ ಹಾಗೆ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಿದ್ದ. ಹೊರಗೆ ಹೋದರೆ ನಿಜವಾಗಿ ಹೆಣವೇ.

ಅವನ ಹೆಗಲು ಕಚ್ಚಿದೆ.

ಇದ್ದ ಬಲವೆಲ್ಲ ಹಾಕಿ ಕಚ್ಚಿದೆ. ಅಂಗಿ ದಾಟಿ ಹಲ್ಲು ಇಳಿಯಿತು. ಅವನು ನಿಂತ. ನನ್ನ ಮುಖ ನೋಡಿದ. ಆಗ ಅವನ ಮುಖಕ್ಕೆ ಹೊಡೆದೆ, ಬಲವಿರಲಿಲ್ಲ, ಆದರೂ ಹೊಡೆದೆ. "ಇಳಸೋ ಮುಠ್ಠಾಳ," ಅಂತ ಹೇಳಿದೆನಂತೆ. ನನಗೆ ನೆನಪಿಲ್ಲ.

ಮಂಚದ ಮೇಲೆ ಇಳಿಸಿದ. ಇಬ್ಬರು ಅಟೆಂಡರುಗಳು ಅವನ ಕೈ ಹಿಂದಕ್ಕೆ ತಿರುಚಿ ಗೋಡೆಗೆ ಒತ್ತಿದರು. ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಡಾಕ್ಟರಮ್ಮ ನೆಲದಿಂದ ಎದ್ದರು. ತುಟಿ ಸೀಳಿತ್ತು, ಗದ್ದಕ್ಕೆ ರಕ್ತ ಇಳಿಯುತ್ತಿತ್ತು. ಕನ್ನಡಕ ಎತ್ತಿ ಹಾಕಿಕೊಂಡರು, ಅದರ ಒಂದು ಗಾಜು ಇರಲಿಲ್ಲ.

"ಮೇಡಂ, ಇವರ್ನ ಕರ್ನೂಲಿಗಿ ಕಳಸ್ರಿ," ಅಂದ ಅಟೆಂಡರ್. "ನಾವ್ಯಾಕ ಮುಟ್ಟಬೇಕು?"

ಸಿಸ್ಟರ್ ಕೂಡ ತೆಲುಗಿನಲ್ಲಿ ಅದನ್ನೇ ಹೇಳಿದರು. ಕರ್ನೂಲು ಎಂದರೆ ಒಂದು ಗಂಟೆಯ ಮೇಲಿನ ದಾರಿ. ಮಾನಿಟರಿನ ತಂತಿಗಳನ್ನು ತಿರುಗಿ ಅಂಟಿಸಿದರು. ೨೨೦. ಬಿ.ಪಿ. ಎಂಬತ್ತಕ್ಕಿಂತ ಕೆಳಗೆ. ನನ್ನ ಬೆರಳುಗಳು ತಣ್ಣಗಾಗಿ ನೀಲಿ ತಿರುಗಿದ್ದವು. ನಾನು ಆ ಡಾಕ್ಟರಮ್ಮನ ಮುಖವನ್ನೇ ನೋಡುತ್ತಿದ್ದೆ. ಕೇಳಲು ನನಗೆ ಯಾವ ಹಕ್ಕಿತ್ತು? ನನ್ನ ತಮ್ಮನ ಐದು ಬೆರಳು ಆ ಕೆನ್ನೆಯ ಮೇಲೆ ಮೂಡಿದ್ದವು. ಆಕೆ ಬೇಡ ಅಂದಿದ್ದರೆ ತಪ್ಪು ಅನ್ನಲು ನನಗೆ ಬಾಯಿ ಇರಲಿಲ್ಲ. ಆದರೂ ನನಗೆ ಬದುಕಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಆಕೆಯ ರಕ್ತ ಕಾಣಲಿಲ್ಲ, ಆಕೆಯ ಕೈ ಮಾತ್ರ ಕಾಣುತ್ತಿತ್ತು. ಆ ಕೈ ಏನು ಮಾಡುತ್ತದೆ ಅಂತ.

ಆಕೆ ಬಟ್ಟೆಯಿಂದ ತುಟಿ ಒತ್ತಿಕೊಂಡು ಸಿಸ್ಟರ್ ಕಡೆ ತಿರುಗಿದರು. "ಎಡಗೈಗಿ ಲೈನ್ ಹಾಕ್ರಿ. ಹನ್ನೆರಡು ಎಂ.ಜಿ. ತಗೀರಿ. ಶಾಕ್ ಮಷೀನ್ ಹತ್ರ ಇರಲಿ. ಪೊಲೀಸರಿಗಿ ಆಮ್ಯಾಲ ಫೋನ್ ಮಾಡ್ರಿ."

ಸಿಸ್ಟರ್ ಎರಡು ಕಡೆ ಚುಚ್ಚಿದರು, ನರ ಸಿಗಲಿಲ್ಲ. ಮೂರನೆಯದು ಡಾಕ್ಟರಮ್ಮ ತಾವೇ ಹಾಕಿದರು, ಒಂದು ಕಣ್ಣು ಮುಚ್ಚಿ, ಉಳಿದ ಒಂದು ಗಾಜಿನಲ್ಲಿ ನೋಡಿ. ಸಿಕ್ಕಿತು. ಇನ್ನು ಔಷಧ ತಳ್ಳಲು ಡಾಕ್ಟರಮ್ಮ, ಸಲೈನ್ ನೂಕಲು ಸಿಸ್ಟರ್. ಕೈ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕು. ಎದೆಗೆ ಒದೆ ತಿಂದ ಅಟೆಂಡರ್ ನಾನು ಬರೋದಿಲ್ಲ ಅಂದ. ಇನ್ನೊಬ್ಬ ಬಸ್ಯಾನನ್ನು ಬಿಟ್ಟು ಅಲುಗಲಿಲ್ಲ.

ಡಾಕ್ಟರಮ್ಮ ಗೋಡೆಯ ಕಡೆ ನೋಡಿದರು.

"ಅವರ್ನ ಬಿಡ್ರಿ. ಏ, ನೀವು. ಇಲ್ಲಿ ಬರ್ರಿ."

ಅವನು ಬಂದ. ಹಲ್ಲು ಕಟಕಟ ಅನ್ನುತ್ತಿತ್ತು.

"ನಿಮ್ಮಕ್ಕನ ಕೈ ಹಿಡೀರಿ. ನಾ ಅಂದ ಕೂಡ್ಲೇ ಮ್ಯಾಲೆತ್ತಬೇಕು. ಆಕಿ ಚೀರ್ತಾರ. ಗೆರಿ ಸಪಾಟ ಆಗ್ತೈತಿ. ಆಗಬೇಕು, ಅದ ಔಷಧ ಮಾಡೋ ಕೆಲಸ. ಕೈ ಬಿಟ್ರಿ ಅಂದ್ರ ಔಷಧ ಮುಟ್ಟಂಗಿಲ್ಲ. ತಿಳೀತೇನು?"

"ಮೇಡಂ," ಅಂದ.

"ಮಾತು ಬ್ಯಾಡ. ತಿಳೀತೇನು?"

ತಲೆ ಆಡಿಸಿದ. ನನ್ನ ಮುಂಗೈ ಹಿಡಿದ.

ಎರಡನೆಯ ಸಲ ಸಾಯುವುದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏನು ಬರುತ್ತದೆ ಅಂತ ಗೊತ್ತಿರುತ್ತದೆ, ಅದಕ್ಕೇ ಇನ್ನೂ ಕಷ್ಟ. ಹನ್ನೆರಡು ಎಂ.ಜಿ. ಆರರ ಎರಡು ಪಟ್ಟಲ್ಲ, ಹತ್ತು ಪಟ್ಟು ಅನ್ನಿಸಿತು. "ಎತ್ರಿ," ಅಂದದ್ದು ಕೇಳಿಸಿತು. ಕೈ ಮೇಲೆ ಹೋಯಿತು. ಬಿಸಿ, ಗುಂಡು, ಆಮೇಲೆ ಆ ಹಾಳು ನಿಶ್ಶಬ್ದ. ಈ ಸಲ ಕಣ್ಣು ಮುಚ್ಚಲಿಲ್ಲ. ಬಸ್ಯಾ ಮಾನಿಟರನ್ನೇ ನೋಡುತ್ತಿದ್ದ. ಗೆರೆ ಸಪಾಟಾದದ್ದು ನನಗೆ ಅವನ ಮುಖದಲ್ಲಿ ಕಂಡಿತು. ಬಾಯಿ ತೆರೆದಿತ್ತು, ದನಿಯಿಲ್ಲ, ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ಬಿಡಲಿಲ್ಲ. ಬೆರಳಿನ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿದಿದ್ದ.

ಒಂದು ಬಡಿತ.

ನಡುವೆ ಜಾಗ. ಇನ್ನೊಂದು ಬಡಿತ. ಮತ್ತೆ ಜಾಗ. ಎರಡು ಬಡಿತದ ನಡುವೆ ಇಷ್ಟು ಜಾಗ ಇರುತ್ತದೆ ಅನ್ನುವುದನ್ನೇ ನಾನು ಮರೆತಿದ್ದೆ.

"ಎಂಬತ್ತಾರು," ಅಂದರು ಡಾಕ್ಟರಮ್ಮ. "ಸೈನಸ್ ರಿದಮ್. ಬಡಿತ ದಾರಿಗಿ ಬಂತು. ಕೈ ಇಳಸ್ರಿ." ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಹೋಗಿ ಕೂತರು. ಅಲ್ಲಿ ಕೂತು ಅತ್ತರು. ಸಿಸ್ಟರ್ ಆಕೆಯ ತಲೆ ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. ನಾವು ಅಕ್ಕ ತಮ್ಮ ನೋಡುತ್ತಾ ಇದ್ದೆವು. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿಲ್ಲ.

ಪೊಲೀಸರು ಬಂದರು. ಬಸ್ಯಾನನ್ನು ಕರೆದುಕೊಂಡು ಹೋದರು. ಸಂಜೆಗೆ ಮನೆಯವರು ರಾಯಚೂರಿನಿಂದ ಬಂದು ಸೇರಿದರು, ಹಿಂದೆಯೇ ನಾಲ್ಕು ಮಂದಿ ಬಂಧುಗಳು. ಅವರ ಬಾಯಲ್ಲಿ ಕತೆ ಆಗಲೇ ಬೇರೆಯಾಗಿತ್ತು. ನರ್ಸು ದಾರ ಕತ್ತರಿಸಿದಳಂತೆ, ಲಿಂಗ ಬಿಸಾಡಿದಳಂತೆ, ಹುಡುಗ ಹೊಡೆದದ್ದರಲ್ಲಿ ತಪ್ಪೇನು. ಒಬ್ಬರಂತೂ ಮಠಕ್ಕೆ ಸುದ್ದಿ ಮುಟ್ಟಿಸೋಣ, ಮಂದಿ ಕೂಡಿಸೋಣ ಅಂದರು.

ಲಿಂಗ ಆಗ ನನ್ನ ಎದೆಯ ಮೇಲೇ ಇತ್ತು. ಆ ಗದ್ದಲದಲ್ಲಿ ಸಿಸ್ಟರ್ ಟ್ರೇಯನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರಂತೆ, ಯಾರೂ ತುಳಿಯದಿರಲಿ ಅಂತ. ಲಿಂಗವನ್ನು ಮುಟ್ಟಿರಲಿಲ್ಲ. ನನ್ನ ಮುಂದೆ ಹಿಡಿದರು, ನಾನೇ ತೆಗೆದುಕೊಂಡು ಹಾಕಿಕೊಂಡೆ.

ಎಸ್.ಐ. ನನ್ನ ಹೇಳಿಕೆ ಕೇಳಲು ವಾರ್ಡಿಗೆ ಬಂದರು. ಬಂಧುಗಳು ಸುತ್ತ ನಿಂತಿದ್ದರು. ಮನೆಯವರು ಮೆಲ್ಲಗೆ, "ನೆನಪಿಲ್ಲ ಅನ್ನು, ಸಾಕು," ಅಂದರು.

"ಹೊಡದದ್ದು ನನ್ನ ತಮ್ಮರಿ," ಅಂದೆ. "ಡಾಕ್ಟರಮ್ಮ ತಪ್ಪು ಮಾಡಿಲ್ಲ. ಲಿಂಗ ತಗದಾಕಿ ನಾನ. ನನ್ನ ಕೈಲೇ ತಗದೀನಿ. ಬರಕೋರಿ."

ಒಬ್ಬ ಬಂಧು ಎದ್ದು ಹೊರಗೆ ಹೋದರು, ಆಮೇಲೆ ಇನ್ನೊಬ್ಬರು. ಅವರಲ್ಲಿ ಇಬ್ಬರು ಇವತ್ತಿಗೂ ನಮ್ಮ ಮನೆಯ ನೀರು ಮುಟ್ಟಿಲ್ಲ. ಒಡಹುಟ್ಟಿದವನನ್ನು ಹಿಡಿದುಕೊಟ್ಟವಳು ಅಂತ ಓಣಿಯಲ್ಲಿ ಹೆಸರಾಯಿತು. ಆಗಲಿ. ನನ್ನ ತಮ್ಮನ ಕೈ ಎಷ್ಟು ಭಾರ ಅಂತ ಅವರಿಗೇನು ಗೊತ್ತು.

ಅಯ್ಯನವರಲ್ಲಿಗೆ ನಾನೇ ಹೋದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಹೊಸ ದಾರ ಹಾಕಿ ಕೊಟ್ಟರು. "ಜೀವ ಇದ್ರ ಪೂಜಿ, ತಂಗೀ," ಅಂದರು. ಅಷ್ಟೇ.

ಬಸ್ಯಾ ಬೇಲಿನ ಮೇಲೆ ಬಂದ. ನನ್ನ ಮೇಲೆ ಸಿಟ್ಟಿಲ್ಲ ಅಂದ. ನನಗೆ ಇತ್ತು. ಎರಡು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಬಲಗೈಯಲ್ಲಿ ಸೂಜಿ ಕಿತ್ತ ಜಾಗ ನೀಲಿಯಾಗಿ, ಹಸಿರಾಗಿ, ಹಳದಿಯಾಗಿ ಮಾಯಿತು. ಮೂರು ವಾರ ಮಗ್ಗಕ್ಕೆ ಕೂರಲಿಲ್ಲ. ಹಾಸಿಗೆಯಲ್ಲಿ ಎಡಮಗ್ಗುಲಾದರೆ ನನ್ನ ಬಡಿತ ನನಗೇ ಕೇಳಿಸಿ ಎದ್ದು ಕೂರುತ್ತಿದ್ದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಅಂಜಿಕೆ, ಮಗಳನ್ನು ಕರೆಯುತ್ತಿದ್ದೆ. ಅವಳು ಪುಸ್ತಕ ಕೆಳಗಿಟ್ಟು ಬರುತ್ತಿದ್ದಳು, ನನ್ನ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದಳು. ಒಂದು ದಿನ, "ಅವ್ವಾ, ಹಿಂಗ ಎಷ್ಟು ದಿನಾ?" ಅಂದಳು. ಬೇಸರದಿಂದ ಕೇಳಿದ್ದಲ್ಲ, ಆದರೂ ನನಗೆ ತಾಗಿತು. ಅವತ್ತು ಮಧ್ಯಾಹ್ನ ಕುಣಿಗೆ ಇಳಿದೆ. ಅರ್ಧ ಮೊಳ ನೇಯ್ದೆ. ಏನೂ ಆಗಲಿಲ್ಲ.

ಮಾತ್ರೆ ಇವೆ, ದಿನಕ್ಕೆ ಎರಡು. ಹೈದರಾಬಾದಿನಲ್ಲಿ ತೊಡೆಯ ನರದಿಂದ ತಂತಿ ಬಿಟ್ಟು ಆ ಹೆಚ್ಚಿನ ದಾರಿಯನ್ನು ಸುಡುತ್ತಾರಂತೆ, ಆಮೇಲೆ ಇದರ ಕಾಟವೇ ಇರುವುದಿಲ್ಲವಂತೆ. ಮಗಳ ಪರೀಕ್ಷೆ ಮುಗಿಯಲಿ ಅಂದೆ, ಅದು ಮುಗಿದರೂ ಹೋಗಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ. ಆದರೂ ಹೋಗುತ್ತೇನೆ.

ಮೂರನೆಯ ತಿಂಗಳು ಗದ್ವಾಲಕ್ಕೆ ತೋರಿಸಲು ಹೋಗಬೇಕಿತ್ತು. ಬೇರೆ ದವಾಖಾನೆಗೆ ಹೋಗೋಣ ಅಂದರು ಮನೆಯವರು. ಆ ಮುಖ ಇಟ್ಟುಕೊಂಡು ಅಲ್ಲಿಗೆ ಹೇಗೆ ಹೋಗುತ್ತೀ ಅಂದರು. ಅದೇ ಮುಖ ಇಟ್ಟುಕೊಂಡು ಹೋದೆ. ಬಸ್ಯಾನ ಆಟೊದಲ್ಲೇ ಹೋದೆ, ಬೇಕೆಂದೇ. ಗೇಟಿನ ಹತ್ತಿರ ಅವನು ಇಳಿಯಲಿಲ್ಲ.

"ನಾ ಇಲ್ಲೇ ಇರ್ತೀನಿ ಅಕ್ಕ," ಅಂದ.

ಡಾಕ್ಟರಮ್ಮ ಓ.ಪಿ.ಯಲ್ಲಿದ್ದರು. ತುಟಿಯ ಮೇಲೆ ಸಣ್ಣ ಗಾಯದ ಗುರುತು ಉಳಿದಿತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಕೆ ಇ.ಸಿ.ಜಿ. ನೋಡಿದರು, ಮಾತ್ರೆ ತಪ್ಪಿಸುತ್ತಿಲ್ಲ ತಾನೇ ಅಂದರು. ಆಮೇಲೆ ಯಾರ ಜೊತೆ ಬಂದಿದ್ದೀರಿ ಅಂತ ಕೇಳಿದರು.

"ತಮ್ಮನ ಜೋಡಿ," ಅಂದೆ. "ಹೊರಗ ಅದಾನರಿ. ಒಳಗ ಬರಂಗಿಲ್ಲ."

ಆಕೆ ಪೆನ್ನು ಕೆಳಗಿಟ್ಟರು. "ಕೇಸ್ ನಾ ಹಿಂದ ತಗೊಳ್ಳಂಗಿಲ್ಲ ಶರಣಮ್ಮ."

"ತಗೋಬ್ಯಾಡ್ರಿ," ಅಂದೆ. ಮನಸಾರೆ ಅಂದೆ.

"ಅದು ಬ್ಯಾರೆ, ಇದು ಬ್ಯಾರೆ. ಅವರ್ನ ಒಳಗ ಕರೀರಿ. ನಿಮಗ ಮತ್ತ ಬಂದ್ರ ಜೋಡಿ ಇರೋರಿಗಿ ತಿಳದಿರಬೇಕು."

ಕರೆದೆ. ಬಂದ. ಬಾಗಿಲಲ್ಲೇ ನಿಂತ, ಎರಡೂ ಕೈ ಬೆನ್ನ ಹಿಂದೆ. ತಲೆ ಎತ್ತಲಿಲ್ಲ. ಡಾಕ್ಟರಮ್ಮ ಅವನ ಕಡೆ ನೋಡದೆ ಮಾತಾಡಿದರು, ಸ್ಟೂಲು ತೋರಿಸಿದರು. ನನ್ನ ಮುಂಗೈ ಮೇಲೆ ಎಲ್ಲಿ ಬೆರಳಿಡಬೇಕು ಅಂತ ತಮ್ಮ ಕೈ ಮೇಲೆಯೇ ಮಾಡಿ ತೋರಿಸಿದರು. ಹೆಬ್ಬೆರಳು ಬೇಡ, ಎರಡು ಬೆರಳು, ಹಗುರಾಗಿ. ಅವನು ಇಟ್ಟ. ಹಗುರಾಗಿ ಇಡಲು ಅವನಿಗೆ ಬರಲಿಲ್ಲ, ಮೂರು ಸಲ ತಿದ್ದಬೇಕಾಯಿತು.

"ಒಂದು ನಿಮಿಷ. ನಾ ಗಡಿಯಾರ ನೋಡ್ತೀನಿ, ನೀವು ಎಣಸ್ರಿ. ಬಾಯಿಂದ ಎಣಸ್ರಿ."

ಎಣಿಸಿದ. ಒಂದು, ಎರಡು, ಮೂರು. ನಲವತ್ತರ ಹತ್ತಿರ ದನಿ ಒಡೆಯಿತು, ಲೆಕ್ಕ ತಪ್ಪಿತು. ಅವನು ತೋಳಿನಿಂದ ಮುಖ ಒರೆಸಿಕೊಂಡ. ಹೊರಗೆ ಪೇಷೆಂಟುಗಳ ಸಾಲು ಬೆಂಚು ದಾಟಿ ನಿಂತಿತ್ತು.

"ಮತ್ತ ಮೊದಲಿಂದ," ಅಂದರು ಡಾಕ್ಟರಮ್ಮ.

ಮತ್ತೆ ಒಂದರಿಂದ ಎಣಿಸಿದ. ಈ ಸಲ ಪೂರ್ತಿ ಎಣಿಸಿದ. ನಿಮಿಷ ಮುಗಿಯಿತು ಅಂತ ಆಕೆ ಕೈ ಎತ್ತಿದರು.

"ಎಷ್ಟು?"

"ಎಪ್ಪತ್ತಾರು ಮೇಡಂ."

ಆಕೆ ಚೀಟಿಯ ಮೇಲೆ ಎಪ್ಪತ್ತಾರು ಅಂತ ಬರೆದರು. ತಾವು ಮತ್ತೆ ಎಣಿಸಿ ನೋಡಲಿಲ್ಲ.